ಸ್ಕೂಟರಿಗೂ ನಿಕಾಹಿಗೂ ಒಗ್ಗಬೇಕಿದ್ದ ಅಬಾಯಾ: ಟ್ಯಾನರಿ ರಸ್ತೆಯ ಒಂದು ಪ್ರಕರಣ

2025ರ ಜನವರಿಯ ಕೊನೆಯ ವಾರ, ಬೆಂಗಳೂರಿನ ಟ್ಯಾನರಿ ರಸ್ತೆಯ ಒಂದು ಅಡ್ಡರಸ್ತೆಯಲ್ಲಿರುವ ಸಣ್ಣ ಹೊಲಿಗೆಮನೆಗೆ ಇಪ್ಪತ್ತೆಂಟು ವರ್ಷದ ಫಿಸಿಯೋಥೆರಪಿಸ್ಟ್ ಒಬ್ಬರು ಬಂದರು. ಅವರಿಗೆ ಬೇಕಿದ್ದದ್ದು ಒಂದೇ ಅಬಾಯಾ, ಅಂದರೆ ಮೈಬಟ್ಟೆಯ ಮೇಲೆ ತೊಡುವ ಉದ್ದನೆಯ ಸಡಿಲ ಹೊರ ಉಡುಪು. ಅದನ್ನು ತೊಟ್ಟು ದಿನವೂ ಸ್ಕೂಟರ್ ಓಡಿಸಬೇಕು, ಕ್ಲಿನಿಕ್ಕಿನಲ್ಲಿ ಕೈ ಎತ್ತಿ, ಬಾಗಿ, ಮಂಡಿಯೂರಿ ಕೆಲಸ ಮಾಡಬೇಕು, ಮಧ್ಯಾಹ್ನ ಅಲ್ಲಿಯೇ ವಝೂ (ನಮಾಜಿಗೆ ಮುನ್ನ ಮುಖ, ಕೈಕಾಲು ತೊಳೆಯುವುದು) ಮಾಡಿ ನಮಾಜು ಮುಗಿಸಬೇಕು, ಏಪ್ರಿಲ್‌ನಲ್ಲಿ ತಮ್ಮನ ನಿಕಾಹಿನ ದಿನ ಅದರ ಮೇಲೆ ಏನಾದರೂ ಹಾಕಿಕೊಂಡು ನೆಂಟರ ನಡುವೆ ನಿಲ್ಲುವಂತೆಯೂ ಇರಬೇಕು. ನಾಲ್ಕು ಬೇರೆ ಬೇರೆ ಉಡುಪು ಕೊಂಡರೆ ಮುಗಿಯುತ್ತಿತ್ತಲ್ಲ ಎಂದು ಯಾರಿಗಾದರೂ ಅನಿಸಬಹುದು. ಆದರೆ ಕ್ಲಿನಿಕ್ಕಿನಲ್ಲಿ ಬಟ್ಟೆ ಬದಲಿಸಲು ಜಾಗವಿರಲಿಲ್ಲ, ನಾಲ್ಕಕ್ಕೆ ಹಣವೂ ಇರಲಿಲ್ಲ.

ನಾನು ಉಡುಪು ತಯಾರಿಕೆಯನ್ನು ಕಲಿಸುವವಳು. ವಿದ್ಯಾರ್ಥಿನಿಯರಿಗೆ ಪಾಠ ಹೇಳಲು ನಿಜವಾದ ಆರ್ಡರ್ ಒಂದನ್ನು ಅಳತೆಯಿಂದ ಇಸ್ತ್ರಿಯವರೆಗೆ ಹಿಂಬಾಲಿಸಬೇಕೆಂದು ಆ ದಿನಗಳಲ್ಲಿ ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದೆ. ಸಂಬಂಧಪಟ್ಟವರ ಇಚ್ಛೆಯಂತೆ ಇಲ್ಲಿ ಯಾರ ಹೆಸರನ್ನೂ ಬಳಸಿಲ್ಲ. ಗ್ರಾಹಕಿ ತುಮಕೂರಿನವರು, ಕನ್ನಡ ಮಾಧ್ಯಮದಲ್ಲಿ ಓದಿದವರು. ಮದುವೆಯಾಗಿ ಬಂದದ್ದು ಫ್ರೇಜರ್ ಟೌನಿಗೆ. ಹೊಲಿಗೆಮನೆಯ ಒಡತಿಗೆ ಐವತ್ತು ದಾಟಿದೆ. ಮನೆಮಾತು ದಖನಿ, ಆದರೆ ಶಿವಾಜಿನಗರದ ಬಾಲ್ಯ ಕೊಟ್ಟ ಕನ್ನಡ ಸರಾಗ. ಮಾಗಡಿಯಿಂದ ಬಂದು ಮೆಷಿನ್ನಿಗೆ ಕೂರುವ ಹೆಂಗಸಿನಿಂದ ಹಿಡಿದು ಬಂದುಹೋಗುವ ಗಿರಾಕಿಗಳವರೆಗೆ ಎಲ್ಲರೂ ಅವರನ್ನು ‘ಆಪಾ’ (ಅಕ್ಕ) ಎನ್ನುತ್ತಾರೆ. ಇರುವುದು ಎರಡು ಮೆಷಿನ್, ಒಂದು ಓವರ್‌ಲಾಕ್, ಬಾಗಿಲ ಹಲಗೆಯಿಂದ ಮಾಡಿದ ಒಂದು ಕತ್ತರಿಸುವ ಮೇಜು. ಕತ್ತರಿ ಹಿಡಿಯುವುದು ಆಪಾ ಒಬ್ಬರೇ.

ಮುಸ್ಲಿಂ ಹೆಣ್ಣುಮಕ್ಕಳ ಮರ್ಯಾದೆಯ ಉಡುಪಿನಲ್ಲಿ ಎಷ್ಟು ವೈವಿಧ್ಯವಿದೆ ಎಂದು ಹೇಳಹೊರಟವರು ಸಾಮಾನ್ಯವಾಗಿ ಬಣ್ಣ, ಹರಳು, ಲೇಸು, ಆರಿ ಕಸೂತಿಗಳನ್ನು ಎಣಿಸುತ್ತಾರೆ. ಕಮರ್ಷಿಯಲ್ ಸ್ಟ್ರೀಟಿನ ಗಾಜಿನ ಹಿಂದೆ ನಿಂತ ಬೊಂಬೆಗಳೂ ಅದನ್ನೇ ತೋರಿಸುತ್ತವೆ. ನಾನು ಇಲ್ಲಿ ನೋಡಿದ್ದು ಬೇರೆ. ಅಬಾಯಾ ಮತ್ತೊಂದು ಅಬಾಯಾದಂತಿಲ್ಲದಿರಲು ಮುಖ್ಯ ಕಾರಣ ಅದನ್ನು ತೊಟ್ಟವಳು ದಿನವಿಡೀ ಏನು ಮಾಡುತ್ತಾಳೆ ಎಂಬುದು, ಮತ್ತು ಅದಕ್ಕೆ ಉತ್ತರ ಸಿಗುವುದು ಕತ್ತರಿಯಲ್ಲಿ.

ನಿಯಮ ಎಂದರೆ ಎಷ್ಟು

ಆಪಾ ಹೊಸ ಗಿರಾಕಿಗೆ ಹೇಳುವುದು ಎರಡೇ ಮಾತು: “ಮೈಗೆ ಅಂಟಬಾರದು, ಒಳಗಿಂದು ಕಾಣಬಾರದು. ಬಾಕಿ ಎಲ್ಲ ನೀವುಂಟು, ನಿಮ್ಮ ಮನೆಯವರುಂಟು.” ಕುರಾನಿನಲ್ಲಿ ಈ ವಿಷಯಕ್ಕೆ ಮುಖ್ಯವಾಗಿ ಉಲ್ಲೇಖಿಸುವುದು ಸೂರಾ ನೂರ್‌ನ 31ನೇ ಮತ್ತು ಸೂರಾ ಅಹ್‌ಜಾಬ್‌ನ 59ನೇ ಆಯತ್ತುಗಳನ್ನು. ಮೊದಲನೆಯದರಲ್ಲಿ ಖಿಮಾರ್ ಎಂಬ ತಲೆವಸ್ತ್ರವನ್ನು ಎದೆಯ ಮೇಲೆ ಇಳಿಬಿಡುವ ಮಾತಿದೆ, ಎರಡನೆಯದರಲ್ಲಿ ಜಿಲ್‌ಬಾಬ್ ಎಂಬ ಹೊರವಸ್ತ್ರದ ಮಾತು. ಬಣ್ಣ, ಕತ್ತರಿಸುವ ರೀತಿ, ಗುಂಡಿಗಳ ಸಂಗತಿ ಅಲ್ಲಿಲ್ಲ. ಮುಖ ಮುಚ್ಚುವ ಬಗ್ಗೆ ಧರ್ಮಶಾಸ್ತ್ರಜ್ಞರಲ್ಲೇ ಭಿನ್ನಾಭಿಪ್ರಾಯವಿದೆ. ಈ ಗ್ರಾಹಕಿ ತಲೆ ಮುಚ್ಚುತ್ತಾರೆ, ಮುಖ ಮುಚ್ಚುವುದಿಲ್ಲ.

‘ಕಾಣಬಾರದು’ ಎಂಬುದಕ್ಕೆ ಹೊಲಿಗೆಮನೆಯಲ್ಲಿ ಒಂದು ಪರೀಕ್ಷೆಯಿದೆ. ಬಟ್ಟೆಯನ್ನು ಒಂದೇ ಪದರವಾಗಿ ಕಿಟಕಿಗೆ ಹಿಡಿದು ಹಿಂದೆ ಅಂಗೈ ಇಡುತ್ತಾರೆ. ಬೆರಳುಗಳ ನಡುವಿನ ಸಂದು ಕಂಡರೆ ಆ ಬಟ್ಟೆಗೆ ಲೈನಿಂಗ್ ಬೇಕು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ದಟ್ಟವಾಗಿ ಕಂಡ ಜಾರ್ಜೆಟ್ಟು ಸಂಜೆ ಐದರ ಬಿಸಿಲಿಗೆ ಬೆನ್ನು ಮಾಡಿ ನಿಂತಾಗ ಏನಾಗುತ್ತದೆ ಎಂಬುದು ಕೊಂಡವಳಿಗೆ ಮನೆಗೆ ಹೋದ ಮೇಲೆ ತಿಳಿಯುತ್ತದೆ.

ಮೊದಲ ಹೊಲಿಗೆ

ಗ್ರಾಹಕಿ ಮೊಬೈಲಿನಲ್ಲಿ ಒಂದು ಚಿತ್ರ ತಂದಿದ್ದರು: ದುಬೈ ಮಾದರಿಯ ಬಾವಲಿ ತೋಳಿನ ಅಬಾಯಾ, ಕೆಳಗೆ ಅಂಬ್ರೆಲಾ ಕಟ್. ಆಪಾಗೆ ಚಿತ್ರ ನೋಡಿದೊಡನೆ ಅನುಮಾನ ಬಂತಂತೆ, ಆದರೂ ಹೊಲಿದರು. ಬಟ್ಟೆ ಕಪ್ಪು ನಿದಾ, 58 ಇಂಚು ಪನ್ನಾದ್ದು (ಅಗಲದ್ದು), ಐದು ಮೀಟರ್. ಉದ್ದ 54 ಇಂಚು. ಅಬಾಯಾದ ಸೈಜುಗಳನ್ನು ಎದೆಯ ಸುತ್ತಳತೆಯಿಂದಲ್ಲದೆ ಹೀಗೆ 52, 54, 56 ಎಂದು ಉದ್ದದಿಂದಲೇ ಹೇಳುವುದು ರೂಢಿ, ಮತ್ತು ಮುಂದೆ ಕಾಣುವಂತೆ ತೊಂದರೆಯ ಒಂದು ಬೇರು ಈ ರೂಢಿಯಲ್ಲೇ ಇದೆ.

ಕನ್ನಡಿಯ ಮುಂದೆ ನಿಂತಾಗ ಆ ಉಡುಪು ಚೆನ್ನಾಗಿಯೇ ಇತ್ತು. ಕ್ಲಿನಿಕ್ಕಿನಲ್ಲಿ ಮೊದಲ ದಿನವೇ ಕೈಕೊಟ್ಟಿತು. ಭುಜದ ನೋವಿನ ರೋಗಿಗೆ ತೋಳನ್ನು ತಲೆಯ ಮೇಲೆ ಎತ್ತುವ ವ್ಯಾಯಾಮ ತೋರಿಸಲು ಇವರು ಕೈ ಎತ್ತಿದರೆ ಇಡೀ ಅಬಾಯಾ ಮೇಲೇರುತ್ತಿತ್ತು. ಮರುವಾರ ಹೊಲಿಗೆಮನೆಯಲ್ಲಿ ನಾವು ಟೇಪು ಹಿಡಿದು ಅಳೆದೆವು: ಎರಡೂ ಕೈ ಎತ್ತಿದಾಗ ಕೆಳ ಅಂಚು ಏಳು ಇಂಚು ಮೇಲೆ ಬರುತ್ತಿತ್ತು. ಕಾರಣ ಸರಳ. ಬಾವಲಿ ತೋಳಿನಲ್ಲಿ ತೋಳು ಮೈಗೆ ಸೇರುವ ಜಾಗ ಕಂಕುಳಿನಿಂದ ಇಳಿದು ಸೊಂಟದ ಹತ್ತಿರ ಬಂದಿರುತ್ತದೆ. ಕೈ ಎತ್ತಿದರೆ ಎಳೆತ ನೇರವಾಗಿ ಪಕ್ಕದ ಹೊಲಿಗೆಯ ಮೇಲೆ ಬಿದ್ದು ಅದು ಇಡಿಯಾಗಿ ಮೇಲೇರುತ್ತದೆ. ಸಡಿಲವಾಗಿ ಕಾಣುವ ತೋಳೇ ಕೈಯನ್ನು ಕಟ್ಟಿಹಾಕುವುದನ್ನು ನನ್ನ ವಿದ್ಯಾರ್ಥಿನಿಯರು ಹೇಳಿದರೆ ನಂಬುವುದಿಲ್ಲ, ತೊಡಿಸಿದರೆ ನಂಬುತ್ತಾರೆ.

ಎರಡನೆಯ ದೂರು ಸೆಖೆಯದು. ನಿದಾ ಹಗುರ, ಸುಕ್ಕಾಗುವುದಿಲ್ಲ, ಮೈಯಿಂದ ಜಾರಿ ನಿಲ್ಲುತ್ತದೆ. ಅದರ ಜನಪ್ರಿಯತೆಗೆ ಕಾರಣವೂ ಅದೇ. ಆದರೆ ಮಾರುಕಟ್ಟೆಯಲ್ಲಿ ಸಿಗುವ ನಿದಾ ಬಹುಪಾಲು ಪಾಲಿಯೆಸ್ಟರ್. ಪ್ರಮಾಣಿತ ಹವೆಯಲ್ಲಿ ಹತ್ತಿಯ ನೂಲು ತನ್ನ ತೂಕದ ಸುಮಾರು 8 ಶೇಕಡಾ ತೇವವನ್ನು ಹಿಡಿದಿಟ್ಟುಕೊಂಡರೆ ಪಾಲಿಯೆಸ್ಟರ್ ಹಿಡಿಯುವುದು 0.4 ಶೇಕಡಾ ಮಾತ್ರ. ಬೆವರು ಹೋಗಲು ಜಾಗವಿಲ್ಲ. ಬೆಂಗಳೂರು ತಂಪಿನ ಊರು ಎಂಬ ಹಳೆಯ ಮಾತಿನ ಭರವಸೆಯ ಮೇಲೆ ಬಟ್ಟೆ ಆರಿಸುವ ಕಾಲ ಹೋಯಿತು. 2024ರ ಏಪ್ರಿಲ್ ಕೊನೆಯಲ್ಲಿ ಇಲ್ಲಿ ಪಾದರಸ 38 ಡಿಗ್ರಿ ದಾಟಿತ್ತು.

ಮೂರನೆಯದು ಸ್ಕೂಟರಿನದು. ಅಂಬ್ರೆಲಾ ಕಟ್ಟಿನ ಅಂಚು ಗಾಳಿಗೆ ಹಿಂದಕ್ಕೆ ಹಾರಿ ಸೈಲೆನ್ಸರಿನ ಮೇಲೆ ಕೂತು, ಅಂಗೈಯಗಲ ಕರಗಿ ಗಟ್ಟಿಯಾಗಿತ್ತು. ಹತ್ತಿ ಬಿಸಿಗೆ ಕರಕಲಾಗುತ್ತದೆ, ಪಾಲಿಯೆಸ್ಟರ್ ಕರಗುತ್ತದೆ. ಕರಗಿದ್ದು ಚರ್ಮಕ್ಕೆ ಅಂಟಿದರೆ ಗಾಯ ಆಳವಾಗುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 123ನೇ ನಿಯಮದಂತೆ ದ್ವಿಚಕ್ರ ವಾಹನದ ಹಿಂದಿನ ಚಕ್ರದ ಅರ್ಧಕ್ಕಿಂತ ಕಡಿಮೆಯಿಲ್ಲದ ಭಾಗಕ್ಕೆ ರಕ್ಷಣೆ ಇರಬೇಕು. ನಾವು ಸೀರೆ ಗಾರ್ಡ್ ಎನ್ನುವುದು ಇದನ್ನೇ. ಆದರೆ ಆ ನಿಯಮದ ಗಮನವಿರುವುದು ಹಿಂದೆ ಕೂತವರ ಬಟ್ಟೆಯ ಮೇಲೆ. ಮುಂದೆ ಕೂತು ಓಡಿಸುವವಳೂ ಉದ್ದದ ಬಟ್ಟೆ ತೊಟ್ಟಿರಬಹುದೆಂದು ಬರೆದವರಿಗೆ ಆಗ ಹೊಳೆದಿರಲಾರದು.

ಮಾವನ ಕುರ್ತಾ

ಎರಡು ವಾರ ಆಪಾ ಕಾಗದದ ಮೇಲೆ ಗೆರೆ ಹಾಕಿ ಅಳಿಸುತ್ತಲೇ ಇದ್ದರು. ಉತ್ತರ ಸಿಕ್ಕಿದ್ದು ಮನೆಯ ಟ್ರಂಕಿನಲ್ಲಿ: ತೀರಿಹೋದ ಮಾವನವರ ಹಳೆಯ ಕಲಿದಾರ್ ಕುರ್ತಾ. ಹಳೆಯ ದರ್ಜಿಗಳು ಅದನ್ನು ಬಟ್ಟೆ ಹಾಳಾಗದಂತೆ ನೇರ ಗೆರೆಗಳಲ್ಲಿಯೇ ಕತ್ತರಿಸುತ್ತಿದ್ದರು. ನಡುಮೈ ಒಂದು ನೇರ ಪಟ್ಟಿ, ತೋಳು ಮತ್ತೊಂದು ನೇರ ಪಟ್ಟಿ, ಪಕ್ಕಗಳಿಗೆ ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವ ಕಲಿಗಳು, ಮತ್ತು ಕಂಕುಳಲ್ಲಿ ಬಗಲ್ ಎಂದು ಕರೆಯುವ ಒಂದು ಚೌಕದ ತುಂಡು. ಕೈ ಇಳಿಸಿದಾಗ ಆ ಚೌಕ ಮಡಚಿ ಒಳಗೆ ಅಡಗುತ್ತದೆ, ಎತ್ತಿದಾಗ ಬಿಚ್ಚಿಕೊಳ್ಳುತ್ತದೆ. ಎಳೆತವೆಲ್ಲ ಅಲ್ಲಿಗೇ ಮುಗಿದು ಪಕ್ಕದ ಹೊಲಿಗೆಗೆ ಇಳಿಯುವುದೇ ಇಲ್ಲ.

ಎರಡನೆಯ ಅಬಾಯಾ ಈ ಲೆಕ್ಕದಲ್ಲಿ ಬಂತು. ಪ್ರತಿ ಪಕ್ಕಕ್ಕೆ ಎರಡರಂತೆ ನಾಲ್ಕು ಕಲಿ, ಕೆಳ ಅಂಚಿನ ಸುತ್ತಳತೆ 92 ಇಂಚು, ಕಂಕುಳಿಗೆ ನಾಲ್ಕೂವರೆ ಇಂಚಿನ ಬಗಲ್. ಬಟ್ಟೆ ಐದರ ಬದಲು ನಾಲ್ಕು ಮೀಟರ್‌ಗಿಂತ ಕಡಿಮೆಯಲ್ಲೇ ಮುಗಿಯಿತು. ಕೈ ಎತ್ತಿ ಅಳೆದಾಗ ಅಂಚು ಏರಿದ್ದು ಒಂದೂವರೆ ಇಂಚು. ಮಾಗಡಿಯ ಹೊಲಿಗೆಯಾಕೆ ಮಾತ್ರ ಗೊಣಗುತ್ತಿದ್ದರು. ಬಗಲಿನ ನಾಲ್ಕು ಮೂಲೆಗಳಲ್ಲಿ ಸೂಜಿ ಒಂದು ನೂಲೆಳೆ ತಪ್ಪಿದರೂ ಅಲ್ಲಿ ಸುಕ್ಕು ನಿಲ್ಲುತ್ತದೆ, ಇಲ್ಲವೇ ಹರಿಯುತ್ತದೆ. ಅವರು ಮೊದಲ ಬಗಲನ್ನು ಮೂರು ಸಲ ಬಿಚ್ಚಿದ್ದನ್ನು ನಾನೇ ನೋಡಿದ್ದೇನೆ.

ಬಟ್ಟೆಯನ್ನೂ ಬದಲಿಸಿದರು. ಶುದ್ಧ ಹತ್ತಿಯನ್ನು ಒಮ್ಮೆ ಹಾಕಿ ನೋಡಿದ್ದಾಯಿತು, ಅದು ಒಳಗಿನ ಹತ್ತಿ ಸಲ್ವಾರಿಗೆ ಕಚ್ಚಿಕೊಂಡು ನಡೆಯುವಾಗ ಕಾಲ ನಡುವೆ ಸೇರುತ್ತಿತ್ತು. ಕೊನೆಗೆ ಚಿಕ್ಕಪೇಟೆಯಲ್ಲಿ ವಿಸ್ಕೋಸ್ ಬೆರೆತ ಕ್ರೇಪ್ ಸಿಕ್ಕಿತು: ಕಿಟಕಿಯ ಪರೀಕ್ಷೆಯಲ್ಲಿ ಪಾಸು, ಮೈಯಿಂದ ಜಾರುತ್ತದೆ, ತೇವ ಹೀರುತ್ತದೆ. ಬೆನ್ನಿನ ಮೇಲ್ಭಾಗದಲ್ಲಿ ಆಪಾ ಒಂದು ಉಪಾಯ ಮಾಡಿದರು. ಭುಜದಿಂದ ಒಂದು ಗೇಣು ಕೆಳಗೆ ಅಡ್ಡಲಾಗಿ ಬಟ್ಟೆಯನ್ನು ಸೀಳಿ, ಮೇಲಿನ ತುಂಡು ಕೆಳಗಿನದರ ಮೇಲೆ ಐದು ಇಂಚು ಹೊದ್ದು ನಿಲ್ಲುವಂತೆ ಹೊಲಿದು, ನಡುವೆ ಗಾಳಿಗೆ ದಾರಿ ಬಿಟ್ಟರು. ನೋಡಿದವರಿಗೆ ಅದು ಅಲಂಕಾರದ ಮಡಿಕೆ. ಅಲಂಕಾರವೂ ಹೌದು.

ತೋಳಿನ ತುದಿಯದು ವಝೂವಿನ ಪ್ರಶ್ನೆ. ಮೊಣಕೈವರೆಗೆ ತೊಳೆಯಬೇಕಾದ್ದರಿಂದ ತೋಳು ಅದಕ್ಕೂ ಮೇಲೆ ಸರಿಯಬೇಕು, ಉಳಿದ ಹೊತ್ತು ಮಣಿಕಟ್ಟಿನಲ್ಲೇ ನಿಲ್ಲಬೇಕು. ಇಲಾಸ್ಟಿಕ್ ಹಾಕಿದರೆ ಮಣಿಕಟ್ಟಿಗೆ ಬಿಗಿಯಾದದ್ದು ಮೊಣಕೈ ದಾಟುವುದಿಲ್ಲ, ಮೊಣಕೈ ದಾಟುವುದು ಮಣಿಕಟ್ಟಿನಲ್ಲಿ ನಿಲ್ಲುವುದಿಲ್ಲ. ಆರು ಇಂಚಿನ ತೆರಪು ಬಿಟ್ಟು ಮೂರು ಟಿಚ್ ಬಟನ್ ಹಾಕಿದ ಮೇಲೆ ಆ ತಕರಾರು ಮುಗಿಯಿತು. ರೋಗಿಗಳ ಮೈಮುಟ್ಟಿ ಕೆಲಸ ಮಾಡುವಾಗ ಮಡಚಿ ನಿಲ್ಲಿಸಲು ಒಳಗೊಂದು ಪಟ್ಟಿ ಮತ್ತು ಗುಂಡಿ ಇದೆ. ಅವರ ಕ್ಲಿನಿಕ್ಕಿಗೆ ಬರುವವರಲ್ಲಿ ಹೆಂಗಸರೇ ಹೆಚ್ಚು, ಆದ್ದರಿಂದ ಅದು ಸಾಕಾಯಿತು. ಎಲ್ಲ ಕಡೆ ಇಷ್ಟು ಸುಲಭವಲ್ಲ. ಮೊಣಕೈ ಕೆಳಗೆ ಕೈ ಬರಿದಾಗಿರಬೇಕೆಂಬ ನಿಯಮವಿರುವ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಇದೇ ಪ್ರಶ್ನೆ ಎದ್ದು, ಬಳಸಿ ಬಿಸಾಡುವ ತೋಳುಗಳಿಗೆ ಅಲ್ಲಿನ ಆರೋಗ್ಯ ಇಲಾಖೆ 2010ರಲ್ಲಿ ಅವಕಾಶ ಕೊಡಬೇಕಾಯಿತು.

ಸ್ಕೂಟರಿಗಾಗಿ ಹಿಂಬದಿಯ ಅಂಚಿನ ಒಳಗೆ ನಾಲ್ಕು ಕುಣಿಕೆ, ಮಂಡಿಯ ಎತ್ತರದಲ್ಲಿ ಒಳಗೇ ನಾಲ್ಕು ಗುಂಡಿ. ಹೊರಡುವಾಗ ಸಿಕ್ಕಿಸಿದರೆ ಅಂಚು ಐದು ಇಂಚು ಮೇಲಕ್ಕೆ ನಿಲ್ಲುತ್ತದೆ, ಕೆಳಗೆ ಸಲ್ವಾರ್ ಇದ್ದೇ ಇದೆ. ತಲೆಗೆ ಪಿನ್ನಿಲ್ಲದ ಹತ್ತಿಯ ಜೆರ್ಸಿ ಹಿಜಾಬ್. ಹೆಲ್ಮೆಟ್ಟಿನ ಒತ್ತಡಕ್ಕೆ ಪಿನ್ ಎಲ್ಲಿ ಚುಚ್ಚುತ್ತದೆಂದು ಒಮ್ಮೆ ಅನುಭವಿಸಿದವರು ಮತ್ತೆ ಪಿನ್ ಹಾಕುವುದಿಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಹೆಲ್ಮೆಟ್ಟಿನಿಂದ ವಿನಾಯಿತಿ ಕೊಡುವುದು ಪೇಟ ಧರಿಸಿದ ಸಿಖ್ಖರಿಗೆ, ಹಿಜಾಬಿಗಲ್ಲ. ಕೂದಲಿನ ಗಂಟನ್ನು ಕತ್ತಿನ ಬಳಿಗೆ ಇಳಿಸಿ, ಹಿಜಾಬಿನ ತುದಿಗಳನ್ನು ಅಬಾಯಾದ ಕೊರಳೊಳಗೆ ಸೇರಿಸಿದ ಮೇಲೆ ಹೆಲ್ಮೆಟ್ ಸರಿಯಾಗಿ ಕೂತಿತು, ಗಾಳಿಗೆ ಹಾರಲು ಏನೂ ಉಳಿಯಲಿಲ್ಲ.

ಬಣ್ಣದ ಜಗಳ

ಎರಡನೆಯ ಟ್ರಯಲ್ಲಿಗೆ ಗ್ರಾಹಕಿಯ ಅತ್ತೆಯೂ ಬಂದರು. ಬಟ್ಟೆಯ ಬಣ್ಣ ಗಾಢವಾದ ಮಸಿನೀಲಿ. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಬುರ್ಖಾ ಅಂದ್ರೆ ಕಪ್ಪು. ಇದು ಸ್ಕೂಲ್ ಯೂನಿಫಾರ್ಮ್ ಇದ್ದ ಹಾಗಿದೆ” ಎಂದರು. ಆಪಾ ಸೂಜಿಗೆ ದಾರ ಪೋಣಿಸುತ್ತಲೇ, “ಖಾಲಾ, ನಿಮ್ಮ ಕಾಲದ್ದು ಸ್ಯಾಟಿನ್ ಬುರ್ಖಾ. ಬಿಸಿಲಲ್ಲಿ ಮಿರಮಿರ ಮಿಂಚ್ತಿತ್ತು. ಕಪ್ಪು ಅಂತ ಯಾರೂ ಏನೂ ಅನ್ಲಿಲ್ಲ, ಅಷ್ಟೇ” ಎಂದರು. ಅತ್ತೆಗೆ ನಗು ಬಂತು. ಕೋಟು ಬೇರೆ, ತಲೆಯ ಮೇಲಿನದು ಬೇರೆಯಾಗಿದ್ದ ಆ ಎರಡು ತುಂಡಿನ ಬುರ್ಖಾದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಒಪ್ಪಿಗೆಯನ್ನಂತೂ ಕೊಡಲಿಲ್ಲ.

ಕಪ್ಪು ಅಬಾಯಾದ ಜೊತೆ ಲೋಕವೆಲ್ಲ ಜೋಡಿಸುವ ಸೌದಿ ಅರೇಬಿಯಾದಲ್ಲೇ, ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ 2018ರಲ್ಲಿ ಅಮೆರಿಕದ ಟೆಲಿವಿಷನ್ ಸಂದರ್ಶನವೊಂದರಲ್ಲಿ, ಶರಿಯತ್ತು ಮರ್ಯಾದೆಯ ಉಡುಪನ್ನು ಹೇಳುತ್ತದೆಯೇ ಹೊರತು ಕಪ್ಪು ಅಬಾಯಾವನ್ನೇ ತೊಡಬೇಕೆಂದು ಹೇಳುವುದಿಲ್ಲ ಎಂದಿದ್ದರು. ಈ ಮಾತನ್ನು ನಾನು ಅತ್ತೆಯ ಮುಂದೆ ಎತ್ತಲಿಲ್ಲ, ಎತ್ತಿದ್ದರೂ ಉಪಯೋಗವಾಗುತ್ತಿರಲಿಲ್ಲ. ಅವರ ಆಕ್ಷೇಪದಲ್ಲಿ ಶಾಸ್ತ್ರಕ್ಕಿಂತ ಹೆಚ್ಚಾಗಿ ಇದ್ದದ್ದು ನಾಲ್ಕು ಜನರ ನಡುವೆ ಸೊಸೆ ಎದ್ದು ಕಾಣುತ್ತಾಳೆಂಬ ಅಳುಕು. ಸೊಸೆಗೂ ಎದ್ದು ಕಾಣುವುದು ಬೇಕಿರಲಿಲ್ಲ. ಕ್ಲಿನಿಕ್ಕಿನಲ್ಲಿ ಕಪ್ಪಿಗಿಂತ ನೀಲಿಯೇ ಕಡಿಮೆ ಎದ್ದು ಕಾಣುತ್ತದೆ ಎಂಬುದು ಅವರ ವಾದ. ಇಬ್ಬರೂ ಒಂದೇ ಗುಣವನ್ನು ಎರಡು ಬೇರೆ ಬೀದಿಗಳಲ್ಲಿ ಅಳೆಯುತ್ತಿದ್ದರು.

ಈ ಅಳತೆ ಬೀದಿಯಿಂದ ಬೀದಿಗೆ ಬದಲಾಗುವುದನ್ನು ಆ ಹೊಲಿಗೆಮನೆ ಹಿಂದೆಯೂ ಕಂಡಿತ್ತು. ಶಾಲಾ ಕಾಲೇಜುಗಳ ಸಮವಸ್ತ್ರದ ಹೆಸರಿನಲ್ಲಿ ಹಿಜಾಬನ್ನು ತರಗತಿಯಿಂದ ಹೊರಗಿಟ್ಟ 2022ರ ಫೆಬ್ರುವರಿ 5ರ ಸರ್ಕಾರಿ ಆದೇಶ, ಅದನ್ನು ಎತ್ತಿಹಿಡಿದ ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಂದ ಬಂದ ಭಿನ್ನ ತೀರ್ಪು, ಇವುಗಳ ಬಗ್ಗೆ ಬೇಕಾದಷ್ಟು ಬರೆದದ್ದಾಗಿದೆ. ಕತ್ತರಿಸುವ ಮೇಜಿಗೆ ಅದು ತಲುಪಿದ ರೂಪ ಮಾತ್ರ ಎಲ್ಲೂ ಬಂದಂತಿಲ್ಲ. ಆ ವರ್ಷ ಕಾಲೇಜು ಹುಡುಗಿಯರು ಕೇಳಿದ್ದು ಗೇಟಿನ ಬಳಿ ಒಂದೇ ನಿಮಿಷದಲ್ಲಿ ಕಳಚಿ, ಸುಕ್ಕಾಗದಂತೆ ಮಡಚಿ, ಪುಸ್ತಕದ ಬ್ಯಾಗಿನಲ್ಲಿ ಇಡಬಹುದಾದ ಅಬಾಯಾ. ಮುಂದೆ ಪೂರ್ತಿ ತೆರೆಯುವ, ತಲೆಯಿಂದ ಎಳೆಯಬೇಕಿಲ್ಲದ, ತೆಳುವಾದರೂ ಕಿಟಕಿಯ ಪರೀಕ್ಷೆಯಲ್ಲಿ ನಿಲ್ಲುವ ಆ ಮಾದರಿಯನ್ನು ಆಪಾ ಆಗಲೇ ಕತ್ತರಿಸಿಟ್ಟಿದ್ದರು. ಈ ಅಬಾಯಾದ ಮುಂಭಾಗ, ಆರು ಇಂಚಿನ ಒಳಮಡಿಕೆಯ ಸಮೇತ, ಅಲ್ಲಿಂದಲೇ ಬಂದದ್ದು.

ಸೀರೆ

ನಿಕಾಹಿಗೆ ಬೇಕಿದ್ದ ಮೇಲುಡುಪಿಗೆ ಗ್ರಾಹಕಿಯ ತಾಯಿ ತುಮಕೂರಿನಿಂದ ತಮ್ಮ ಮದುವೆಯ ಮೈಸೂರು ರೇಷ್ಮೆ ಸೀರೆ ತಂದರು. ಗಿಳಿಹಸಿರು, ಎರಡೂ ಕಡೆ ಜರಿ ಅಂಚು, ಸೊಂಟಕ್ಕೆ ಸಿಕ್ಕಿಸುವ ಜಾಗದಲ್ಲಿ ಸವೆದು ಬಿರಿದಿತ್ತು. ಇಸ್ಲಾಮಿನಲ್ಲಿ ರೇಷ್ಮೆ ಗಂಡಸರಿಗೆ ನಿಷಿದ್ಧ, ಹೆಂಗಸರಿಗೆ ಅಡ್ಡಿಯಿಲ್ಲ. ಅಡ್ಡಿ ಇದ್ದದ್ದು ಅಳತೆಯದು. ಸೀರೆಯ ಅಗಲ 45 ಇಂಚು, ಮೇಲುಡುಪಿನ ಉದ್ದ 52. ಅಂಚು ಕೆಳಗೆ ಬರುವಂತೆ ಅಗಲವನ್ನೇ ಎತ್ತರ ಮಾಡಿಕೊಂಡರೆ ಏಳು ಇಂಚು ಸಾಲದು, ತೇಪೆ ಹಾಕಬೇಕು.

ಆಪಾ ಸೀರೆಯನ್ನು ತಿರುಗಿಸಿಟ್ಟರು. ಗಟ್ಟಿಯಿದ್ದ ಭಾಗದಿಂದ ಒಂದು ಮೀಟರ್ ನಲವತ್ತು ಸೆಂಟಿಮೀಟರ್ ತೆಗೆದು ಅದನ್ನು ಉದ್ದಕ್ಕೆ ನಡುವೆ ಸೀಳಿದರೆ ಎರಡು ತುಂಡು ಸಿಗುತ್ತವೆ, ಪ್ರತಿಯೊಂದಕ್ಕೂ ಒಂದು ಕಡೆ ಜರಿ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಅದಲುಬದಲು ಮಾಡಿದರೆ ಎರಡೂ ಜರಿಯಂಚುಗಳು ನಡುವೆ ಮುಖಾಮುಖಿಯಾಗಿ ಕೊರಳಿಂದ ಕಾಲಿನವರೆಗೆ ಇಳಿಯುತ್ತವೆ. ಬೆನ್ನಿಗೆ ಅಷ್ಟೇ ಉದ್ದದ ಇನ್ನೊಂದು ತುಂಡು, ಸೆರಗಿನಿಂದ ಭುಜದ ಪಟ್ಟಿ. ಮೈಸೂರಿನ ಕಾರ್ಖಾನೆ 1912ರಿಂದ ನೇಯುತ್ತಿರುವ ಈ ಕ್ರೇಪ್ ರೇಷ್ಮೆಯ ಎಳೆಗಳಿಗೆ ಹುರಿ ಜಾಸ್ತಿ, ಆದ್ದರಿಂದ ಕತ್ತರಿಯ ಕೆಳಗೆ ಹಾವಿನಂತೆ ಜಾರುತ್ತದೆ. ಕೆಳಗೆ ಖಾಕಿ ಕಾಗದ ಹಾಸಿ, ಬಟ್ಟೆಯನ್ನೂ ಕಾಗದವನ್ನೂ ಒಟ್ಟಿಗೇ ಕತ್ತರಿಸಿದರು. (ಹಳೆಯ ಪೇಪರ್ ಹಾಸಿದರೆ ಮಸಿ ರೇಷ್ಮೆಗೆ ಹತ್ತುತ್ತದೆ, ಇದು ನನ್ನ ಪಾಠದ ಟಿಪ್ಪಣಿಗಳಲ್ಲಿ ಇರಲಿಲ್ಲ, ಈಗ ಇದೆ.) ಕತ್ತರಿ ಇಡುವ ಮುನ್ನ ಆಪಾ ಒಂದು ಕ್ಷಣ ತಾಯಿಯ ಮುಖ ನೋಡಿದರು. “ಬೀರುವಿನಲ್ಲಿಟ್ಟು ಹುಳಕ್ಕೆ ಹಾಕೋದಕ್ಕಿಂತ ಮಗಳ ಮೈಮೇಲೆ ಇರ್ಲಿ, ಕತ್ತರಿಸಿ” ಎಂದರು ಅವರು.

2025ರಲ್ಲಿ ರಂಜಾನ್ ಮಾರ್ಚ್ 2ರಿಂದ. ಹದಿನೈದನೇ ರೋಜಾ ಕಳೆದ ಮೇಲೆ ಆಪಾ ಹೊಸ ಆರ್ಡರ್ ಹಿಡಿಯುವುದಿಲ್ಲ, ಹಿಡಿದಿದ್ದನ್ನು ಚಾಂದ್ ರಾತ್‌ವರೆಗೆ, ಅಂದರೆ ಈದಿನ ಹಿಂದಿನ ರಾತ್ರಿಯವರೆಗೆ, ಹೊಲಿಯುತ್ತಾರೆ. ಮೇಲುಡುಪು ಕೈಸೇರಿದ್ದು ಮಾರ್ಚ್ 31ರ ಈದ್ ಕಳೆದು ನಾಲ್ಕನೇ ದಿನ. ನಿಕಾಹಿನಲ್ಲಿ ಮಸಿನೀಲಿಯ ಮೇಲೆ ಗಿಳಿಹಸಿರನ್ನು ನೋಡಿದ ಅತ್ತೆ, ಸೀರೆಯ ಬಗ್ಗೆ ಬೀಗಿತಿಯನ್ನು ಹೊಗಳಿದರಂತೆ. ಅಬಾಯಾದ ಬಗ್ಗೆ ಏನೂ ಹೇಳಲಿಲ್ಲ.

ಲೆಕ್ಕ

ಈ ಆರ್ಡರಿನಲ್ಲಿ ಹೊಲಿಗೆಮನೆಗೆ ಲಾಭವಾಗಲಿಲ್ಲ. ಕೆಟ್ಟುಹೋದ ಮೊದಲ ಅಬಾಯಾದ ಬಟ್ಟೆಯ ಹಣವನ್ನು ಗ್ರಾಹಕಿ ಕೊಟ್ಟರು, ಹೊಲಿಗೆಯ ಹಣವನ್ನು ಆಪಾ ಕೇಳಲಿಲ್ಲ. ಬಗಲಿನ ಕೆಲಸಕ್ಕೆ ಮಾಗಡಿಯ ಹೊಲಿಗೆಯಾಕೆಗೆ ದಿನಕ್ಕೊಂದೇ ಪೀಸು ಆಗುತ್ತದೆ. ಸಾದಾ ಅಬಾಯಾ ಆದರೆ ಮೂರು. ಕಾಗದದ ಮಾದರಿಯನ್ನಾದರೂ ಮಾರಾಟಕ್ಕೆ ತಿರುಗಿಸೋಣವೆಂದು ಜೂನ್ 7ರ ಬಕ್ರೀದಿಗೆ ಮುಂಚೆ ಅದೇ ಅಳತೆಯ ಎಂಟು ರೆಡಿಮೇಡ್ ಅಬಾಯಾಗಳನ್ನು 52, 54, 56ರಲ್ಲಿ ಹೊಲಿದು ಹೊರಗೆ ನೇತುಹಾಕಿದರು. ಹೋದದ್ದು ಮೂರು. ಉದ್ದ ಒಂದೇ ಆದರೂ ತೋಳಿನ ದಪ್ಪ ಒಬ್ಬೊಬ್ಬರದು ಒಂದೊಂದು. 54ರ ಉದ್ದದವಳಿಗೆ ಬಗಲ್ ಬಿಗಿಯಾದರೆ ಅದು ಬಾವಲಿ ತೋಳಿಗಿಂತ ಕಡೆ. ಉದ್ದವೊಂದರಿಂದಲೇ ಸೈಜು ಹೇಳುವ ರೂಢಿ ಇರುವವರೆಗೆ ಈ ತೋಳು ಅಳತೆ ಕೊಟ್ಟು ಹೊಲಿಸಿಕೊಳ್ಳುವವರದ್ದೇ ಎಂದು ಆಪಾ ಹೇಳುತ್ತಾರೆ, ನನಗೂ ಬೇರೆ ದಾರಿ ಹೊಳೆದಿಲ್ಲ. ಜುಲೈನಲ್ಲಿ ನಾನು ಹೋದಾಗ ಉಳಿದ ಐದರಲ್ಲಿ ಎರಡನ್ನು ಬಿಚ್ಚಿ, ಕಂಕುಳಿಗೆ ಐದೂವರೆ ಇಂಚಿನ ತುಂಡು ಕೂರಿಸುತ್ತಿದ್ದರು. ಅದೇ ಬಣ್ಣದ ಬಟ್ಟೆ ಮುಗಿದುಹೋಗಿತ್ತು, ತುಂಡುಗಳು ಬೂದುಬಣ್ಣದವು.